ದ್ರೋಹಿಯಿಲ್ಲದ ಕೋಟೆ

ಕಿತ್ತೂರಿನ ವಿಜಯೋತ್ಸವಕ್ಕೆ ಇನ್ನೂರು ವರ್ಷ ತುಂಬಿದ 2024ರ ಅಕ್ಟೋಬರಿನಲ್ಲಿ, ಕೋಟೆಯ ಒಳಗೂ ಹೊರಗೂ ಜನವೋ ಜನವೆಂಬಂತಿದ್ದ ಒಂದು ಮಧ್ಯಾಹ್ನ, ನನ್ನ ತಮ್ಮನ ಮೊಮ್ಮಗನು, ಅವನಿಗೆ ಈಗ ಹದಿಮೂರರ ಪ್ರಾಯ, ಸುತ್ತ ಮೊಳಗುತ್ತಿದ್ದ ಡೊಳ್ಳನ್ನೂ ಅವನನ್ನು ಕೈಹಿಡಿದು ಕರೆತಂದಿದ್ದ ನನ್ನನ್ನೂ ಏಕಕಾಲದಲ್ಲಿ ಮರೆತು, ಅರಮನೆಯ ಕುಸಿದ ಗೋಡೆಯೊಂದರ ನೆರಳಿನಲ್ಲಿ ಮೊಬೈಲನ್ನು ಮೊಣಕಾಲ ಮೇಲಿರಿಸಿಕೊಂಡು ಕುಳಿತುಬಿಟ್ಟಿದ್ದನು. ಏನು ಮಾಡುತ್ತಿರುವೆಯೆಂದು ಕೇಳಿದೆ. ತಲೆಯೆತ್ತದೆಯೇ ಉತ್ತರ ಬಂತು: “ಅಜ್ಜಾ, ಸ್ವಲ್ಪ ತಡೀ. ಮಂದಿ ಬರಾಕತ್ತಾರ. ಈ ಮೂಲ್ಯಾಗ ಒಂದು ಬುರುಜು ಹಾಕಿದ್ನೆಂದ್ರ ಅಲ್ಲೇ ಮುಗೀತಾರ.”

ಚೆನ್ನಮ್ಮನ ಕೋಟೆಯಲ್ಲಿ ಕುಳಿತು ಅಂಗೈಯಗಲದ ಗಾಜಿನೊಳಗಿನ ಸುಳ್ಳುಕೋಟೆಯನ್ನು ಕಾಯುವವನನ್ನು ಕಂಡು ನನಗೆ ಮೊದಲು ಸಿಟ್ಟು ಬಂದುದು ಸಹಜವಷ್ಟೆ. ಆದರೆ ವೃದ್ಧಾಪ್ಯದ ಸಿಟ್ಟಿಗೆ ಆಯುಷ್ಯ ಕಡಿಮೆ. ಅದು ತಣಿಯುತ್ತಲೇ ಕುತೂಹಲ ತಲೆಯೆತ್ತಿತು. ಅವನ ಪಕ್ಕದಲ್ಲಿ ಕುಳಿತು ಅರ್ಧ ಗಂಟೆ ನೋಡಿದೆ. ಮನೆಗೆ ಬಂದ ಮೇಲೆ, ಹುಡುಗ ಶಾಲೆಗೆ ಹೋದ ಹೊತ್ತಿನಲ್ಲಿ, ಯಾರಿಗೂ ಹೇಳದೆ ನಾನೇ ಆಡಿಯೂ ನೋಡಿದೆ. ಈ ಬರಹ ಆ ಗುಟ್ಟಿನ ಅಭ್ಯಾಸದ ಫಲ.

ಆಟದ ಸ್ವರೂಪವನ್ನು ಅರಿಯದ ಓದುಗರಿಗಾಗಿ ಎರಡು ಮಾತು. ಇಂಗ್ಲಿಷಿನವರು ಟವರ್ ಡಿಫೆನ್ಸ್ ಎಂದು ಕರೆಯುವ ಇದನ್ನು ನಾನು ಬುರುಜಿನಾಟವೆಂದು ಕರೆಯುತ್ತೇನೆ. ಒಂದು ದಾರಿ, ದಾರಿಯ ಒಂದು ತುದಿಯಿಂದ ವೈರಿಗಳು ಸಾಲುಸಾಲಾಗಿ ಬರುವರು, ಇನ್ನೊಂದು ತುದಿಯಲ್ಲಿ ಕಾಯಬೇಕಾದ ಊರೋ ಬಾಗಿಲೋ ಇರುವುದು. ಆಡುವವನು ಸ್ವತಃ ಕತ್ತಿ ಹಿಡಿಯುವುದಿಲ್ಲ. ದಾರಿಯ ಅಕ್ಕಪಕ್ಕದಲ್ಲಿ ಬುರುಜುಗಳನ್ನು ಕಟ್ಟುವನು, ಅಷ್ಟೆ. ಬುರುಜುಗಳು ತಾವಾಗಿ ಬಾಣವನ್ನೋ ಗುಂಡನ್ನೋ ಎಸೆಯುವುವು. ಬಿದ್ದ ವೈರಿಯೊಬ್ಬನಿಗೆ ಇಷ್ಟು ಎಂದು ಹೊನ್ನು ದೊರೆಯುವುದು. ಆ ಹೊನ್ನಿನಿಂದ ಹೊಸ ಬುರುಜನ್ನು ಕಟ್ಟಬಹುದು, ಇಲ್ಲವೆ ಇದ್ದುದನ್ನೇ ಬಲಪಡಿಸಬಹುದು. ಇಂತಿಷ್ಟು ಜನ ವೈರಿಗಳು ನುಸುಳಿ ಒಳಹೊಕ್ಕರೆ ಆಟ ಮುಗಿಯಿತು. ಅಟಾರಿ ಸಂಸ್ಥೆಯವರು 1990ರಲ್ಲಿ ಹೊರತಂದ ರಾಂಪಾರ್ಟ್ ಎಂಬ ಆಟವನ್ನು ಈ ವಂಶದ ಮೂಲಪುರುಷನೆಂದು ಹೇಳುವ ವಾಡಿಕೆ. ಅನಂತರ ಸ್ಟಾರ್‌ಕ್ರಾಫ್ಟ್, ವಾರ್‌ಕ್ರಾಫ್ಟ್ ಎಂಬ ದೊಡ್ಡ ಯುದ್ಧದಾಟಗಳೊಳಗೆ ಆಟಗಾರರೇ ತಮ್ಮ ಹವ್ಯಾಸಕ್ಕಾಗಿ ಇಂಥ ನಕ್ಷೆಗಳನ್ನು ರಚಿಸಿಕೊಂಡರು. 2007ರಲ್ಲಿ ಪಾಲ್ ಪ್ರೀಸ್ ಎಂಬಾತನ ಡೆಸ್ಕ್‌ಟಾಪ್ ಟವರ್ ಡಿಫೆನ್ಸ್ ಜಗತ್ತಿನ ಕಚೇರಿಗಳ ಅದೆಷ್ಟೋ ಮಧ್ಯಾಹ್ನಗಳನ್ನು ನುಂಗಿತು. 2011ರಲ್ಲಿ ದಕ್ಷಿಣ ಅಮೆರಿಕದ ಪುಟ್ಟ ರಾಷ್ಟ್ರವಾದ ಉರುಗ್ವೆಯಿಂದ ಬಂದ ಕಿಂಗ್ಡಮ್ ರಶ್ ಈ ಪ್ರಕಾರಕ್ಕೆ ಚಿತ್ರಕಥೆಯ ಚೆಲುವನ್ನು ಕೊಟ್ಟಿತು. ನಮ್ಮ ಹುಡುಗನು ಆಡುತ್ತಿದ್ದುದು ಇದನ್ನೇ.

ಹಾಗಾದರೆ ಇದರಲ್ಲಿ ಆಡುವವನಿಗೆ ದೊರೆಯುವ ಸುಖ ಯಾವುದು? ಹಿರಿಯರು ಕೂಡಲೇ ಕೊಡುವ ಉತ್ತರಗಳು ಎರಡು: ಒಂದು, ಹೊಡೆದಾಟದ ಹುಚ್ಚು, ಇನ್ನೊಂದು, ಹೊತ್ತು ಕಳೆಯುವ ಚಟ. ಎರಡನೆಯದು ಉತ್ತರವೇ ಅಲ್ಲ, ಏಕೆಂದರೆ ಹೊತ್ತು ಕಳೆಯಲು ಸಾವಿರ ಸಾಧನಗಳಿರುವಾಗ ಇದನ್ನೇ ಏಕೆ ಆರಿಸಿಕೊಂಡನೆಂಬ ಪ್ರಶ್ನೆ ಹಾಗೆಯೇ ಉಳಿಯುವುದು. ಮೊದಲನೆಯದು ತಪ್ಪೆಂಬುದಕ್ಕೆ ಇದೇ ಪ್ರಕಾರದ ಇತರ ಆಟಗಳೇ ಸಾಕ್ಷಿ. ಬ್ಲೂನ್ಸ್ ಎಂಬ ಸರಣಿಯಲ್ಲಿ ದಾರಿಗುಂಟ ಬರುವವು ಬಣ್ಣಬಣ್ಣದ ಬುಗ್ಗೆಗಳು, ಅವನ್ನು ಒಡೆಯುವವು ಕೋತಿಗಳು. 2009ರ ಪ್ಲ್ಯಾಂಟ್ಸ್ ವರ್ಸಸ್ ಜಾಂಬೀಸ್ ಎಂಬುದರಲ್ಲಿ ಮನೆ ಕಾಯುವವು ಸೂರ್ಯಕಾಂತಿ ಮತ್ತು ಬಟಾಣಿಯ ಗಿಡಗಳು. ರಕ್ತಪಿಪಾಸೆಯೇ ಇಲ್ಲಿಯ ಆಕರ್ಷಣೆಯಾಗಿದ್ದಿದ್ದರೆ ಜಗತ್ತಿನ ಇಷ್ಟು ಜನ ಬುಗ್ಗೆಗಳ ಹಿಂದೆ ಬೀಳುತ್ತಿರಲಿಲ್ಲ. ಇನ್ನೂ ಒಂದು ಮಾತುಂಟು. ಹೊಡೆದಾಟದ ಆಟಗಳಲ್ಲಿ ಬೆರಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಬುರುಜಿನಾಟದಲ್ಲಿಯೋ, ನಾನು ಗಮನಿಸಿದಂತೆ, ದಾಳಿಯ ಬಿರುಸು ಏರಿದಷ್ಟೂ ಹುಡುಗನ ಕೈ ಹಿಂದೆ ಸರಿಯಿತು. ಬೆರಳನ್ನು ಗಾಜಿನಿಂದ ಒಂದಂಗುಲ ಮೇಲೆತ್ತಿ, ಉಸಿರು ಬಿಗಿಹಿಡಿದು, ಅವನು ಕೇವಲ ನೋಡುತ್ತಿದ್ದನು. ಅವನ ಸುಖವೆಲ್ಲ ಆ ಬೆರಳಿಗೂ ಗಾಜಿಗೂ ನಡುವಿನ ಒಂದಂಗುಲದಲ್ಲಿದ್ದಿತು.

ಆ ಒಂದಂಗುಲವನ್ನು ನಾನು ಬಲ್ಲೆ. ನನ್ನ ಬಾಲ್ಯದಲ್ಲಿ ಬೈಲಹೊಂಗಲದ ಸೀಮೆಯ ನಮ್ಮ ಎರೆಹೊಲದಲ್ಲಿ, ಹಿಂಗಾರಿ ಜೋಳ ಹಾಲುಗಾಳಿಗೆ ಬಂದಿತೆಂದರೆ, ಹಕ್ಕಿ ಕಾಯುವ ಕೆಲಸ ಮನೆಯ ಹುಡುಗರ ಪಾಲಿಗೆ ಬರುತ್ತಿದ್ದಿತು. ಹೊಲದ ನಡುವೆ ನಾಲ್ಕು ಕಂಬ ನೆಟ್ಟು, ಅಡ್ಡಗಳುಗಳ ಮೇಲೆ ಕಣಕಿ ಹಾಸಿದ ಒಂದು ಅಟ್ಟ. ಕೈಯಲ್ಲಿ ಪುಂಡಿನಾರಿನ ಕವಣೆ. ಕಾಲ ಬಳಿ ಹಿಂದಿನ ದಿನವೇ ಆಯ್ದಿಟ್ಟ ಹರಳುಗಳ ಗುಂಪೆ. ಬೆಳಕು ಹರಿಯುತ್ತಲೇ ಮೊದಲು ಗುಬ್ಬಿಗಳು, ಬಿಸಿಲೇರುವ ಮುನ್ನ ಗಿಳಿವಿಂಡು, ಚಳಿಗಾಲದ ಅತಿಥಿಯಾಗಿ ಹೊರದೇಶದಿಂದ ಬರುವ ಗುಲಾಬಿ ಕಬ್ಬಕ್ಕಿಗಳ ಹಿಂಡು ಎಂದೋ ಒಮ್ಮೆ, ಆದರೆ ಬಂದರೆ ಮೋಡವೇ ಇಳಿದಂತೆ. ಇಳಿಹೊತ್ತಿಗೆ ಮತ್ತೆ ಗುಬ್ಬಿಗಳು. ಒಬ್ಬ ಹುಡುಗ, ಒಂದು ಅಟ್ಟ, ಅಲೆಯಲೆಯಾಗಿ ಬರುವ ವೈರಿ: ಈ ಆಟಕ್ಕೆ ಬೇಕಾದುದೆಲ್ಲವೂ ಅಲ್ಲಿ ಇದ್ದಿತು.

ಕವಣೆ ಬೀಸುವುದರಲ್ಲಿ ಆನಂದವಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಆದರೆ ನಾಲ್ಕೈದು ದಿನಗಳಲ್ಲಿ ರಟ್ಟೆ ನೋಯುವುದು, ಕವಣೆಯ ಹರಳು ಹೊಲದ ನಾಲ್ಕೂ ಮೂಲೆಗೆ ಮುಟ್ಟದೆಂಬುದು ತಿಳಿಯುವುದು. ಆಗ ಬುದ್ಧಿ ಕೆಲಸಕ್ಕೆ ತೊಡಗುವುದು. ಹಿಂಡು ನೇರವಾಗಿ ಬೆಳೆಯ ಮೇಲೆ ಎರಗುವುದಿಲ್ಲ. ಬದುವಿನ ಜಾಲಿಯ ಗಿಡದ ಮೇಲೆ ಒಂದು ಗಳಿಗೆ ತಂಗಿ, ಆಚೀಚೆ ನೋಡಿ, ಅನಂತರ ಇಳಿಯುವುದು. ಇದನ್ನು ಕಂಡುಕೊಂಡ ಮೇಲೆ ನಾನು ಎಣ್ಣೆಯ ಹಳೆಯ ಡಬ್ಬಿಗಳೆರಡರಲ್ಲಿ ಹರಳು ತುಂಬಿ ಆ ಜಾಲಿಯ ಕೊಂಬೆಗೆ ತೂಗಹಾಕಿ, ಅವಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಅಟ್ಟದ ಕಂಬಕ್ಕೆ ಬಿಗಿದೆ. ದೂರದ ಮೂಲೆಗೆ, ಹರಳೂ ಸದ್ದೂ ಮುಟ್ಟದೆಡೆಗೆ, ಅಪ್ಪನ ಹರಕು ಅಂಗಿಯ ಬೆದರುಗೊಂಬೆ. ಮರುದಿನ ಮುಂಜಾನೆ ಗಿಳಿವಿಂಡು ಬಂದು ಜಾಲಿಯ ಮೇಲೆ ಕುಳಿತಿತು; ನಾನು ಹಗ್ಗವನ್ನು ಒಮ್ಮೆ ಜಗ್ಗಿದೆ, ಒಮ್ಮೆ ಮಾತ್ರ. ಹಿಂಡು ಹಾರಿ ಮೂಲೆಯ ಕಡೆಗೆ ಹೊರಳಿ, ಅಲ್ಲಿ ಗೊಂಬೆಯನ್ನು ಕಂಡು, ಇಡಿಯ ಹೊಲವನ್ನು ದಾಟಿ ನಮ್ಮ ಕಾಕಾನ ಹೊಲಕ್ಕೆ ಇಳಿಯಿತು. ಕಾಕಾನ ಜೋಳದ ಗತಿ ಏನಾಯಿತೆಂಬುದು ಬೇರೆಯ ಮಾತು; ಅಂದು ಅಟ್ಟದ ಮೇಲೆ ಕೈಕಟ್ಟಿ ಕುಳಿತ ನನಗಾದ ಸುಖವು ಕವಣೆಯಿಂದ ನೂರು ಹಕ್ಕಿ ಹೊಡೆದರೂ ಬರುವಂಥದಲ್ಲ. ನಿನ್ನೆ ಯೋಚಿಸಿದ್ದು ಇಂದು, ನಾನು ಸುಮ್ಮನೆ ಕುಳಿತಿರುವಾಗ, ನನ್ನ ಕಣ್ಣೆದುರು ತಾನಾಗಿ ನಡೆಯಿತು. ಮುಂದಾಲೋಚನೆಯು ಮೂರ್ತಿವೆತ್ತು ಕೆಲಸ ಮಾಡುವುದನ್ನು ನೋಡುವ ಈ ಸುಖವೇ ಬುರುಜಿನಾಟದ ಮೊದಲನೆಯ ಸೆಲೆಯೆಂದು ನನ್ನ ದೃಢವಾದ ನಂಬಿಕೆ.

ಕೋಟೆ ಕಟ್ಟಿದವರೂ ಈ ಸುಖವನ್ನು ಅರಿಯದವರಾಗಿರಲಿಕ್ಕಿಲ್ಲ. ಗೋಡೆಯೆಂಬುದು ವೈರಿಯನ್ನು ತಡೆಯಲಿಕ್ಕಾಗಿ ಇರುವುದೆಂದು ನಾವು ಎಣಿಸುತ್ತೇವೆ. ಬಲ್ಲವರಿಗೆ ಗೋಡೆಯ ನಿಜವಾದ ಕೆಲಸ ವೈರಿಯ ದಾರಿಯನ್ನು ಉದ್ದವಾಗಿಸುವುದು. ಚಿತ್ರದುರ್ಗದ ಏಳುಸುತ್ತಿನ ಕೋಟೆಯ ಬಾಗಿಲುಗಳು ಒಂದರ ನೇರಕ್ಕೊಂದು ಇರದೆ ಹಾವಿನಂತೆ ಹೊರಳಿಕೊಂಡು ಹೋಗುವುದು ಇದಕ್ಕಾಗಿಯೇ. ಡೆಸ್ಕ್‌ಟಾಪ್ ಟವರ್ ಡಿಫೆನ್ಸಿನಲ್ಲಿಯೂ ಬಯಲೊಂದೇ ಇರುವುದು, ದಾರಿ ಇರುವುದಿಲ್ಲ. ಆಟಗಾರನು ತನ್ನ ಬುರುಜುಗಳನ್ನೇ ಗೋಡೆಯಾಗಿ ಜೋಡಿಸಿ, ಬರುವವನಿಗೆ ಸುತ್ತುದಾರಿಯನ್ನು ತಾನೇ ಕಟ್ಟಿಕೊಡಬೇಕು. ಓಬವ್ವನ ಕಿಂಡಿಯ ಕಥೆಯನ್ನು ಕೇಳಿ ಬೆಳೆದ ಯಾವ ಕನ್ನಡಿಗನಿಗೂ, ಒಬ್ಬೊಬ್ಬನೇ ನುಸುಳಿ ಬರಬೇಕಾದ ಇಕ್ಕಟ್ಟಿನಲ್ಲಿ ಒಂದು ಒನಕೆ ಒಂದು ಸೈನ್ಯಕ್ಕೆ ಸಮವೆಂಬ ತತ್ತ್ವವನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ನಮ್ಮ ಸೀಮೆಯ ಹಳ್ಳಿಗಳಲ್ಲಂತೂ ಬುರುಜಿಗೆ ಪ್ರತ್ಯೇಕವಾದ ಹೆಸರೇ ಉಂಟು. ಊರ ಮಧ್ಯದಲ್ಲೋ ಅಗಸಿಯ ಬಳಿಯಲ್ಲೋ ಮಣ್ಣುಕಲ್ಲಿನಿಂದ ದುಂಡಗೆ ಕಟ್ಟಿದ ಕಾವಲುಗೋಪುರಕ್ಕೆ ಹುಡೇವು ಎನ್ನುವರು. ಪೆಂಢಾರಿಗಳ ಕಾಲದಲ್ಲಿ ದೂಳು ಕಂಡೊಡನೆ ಅಲ್ಲಿಂದ ಕೂಗು ಹೊರಡುತ್ತಿದ್ದಿತೆಂದು ಹಿರಿಯರು ಹೇಳುವರು. ಹುಡೇವು ಬಿದ್ದುಹೋಗಿ ಮಣ್ಣಿನ ಗುಡ್ಡೆಯಾಗಿ ಉಳಿದ ಊರುಗಳೆಷ್ಟೋ. ಆದರೆ ಹುಡೇದ, ಅಗಸಿಮನಿ ಎಂಬ ಅಡ್ಡಹೆಸರುಗಳು ಮಾತ್ರ ಇಂದಿಗೂ ಶಾಲೆಯ ಹಾಜರಿ ಪುಸ್ತಕದಲ್ಲಿ ಗಟ್ಟಿಯಾಗಿ ನಿಂತಿವೆ. ಸವದತ್ತಿ, ಪಾರಸಗಡ, ರಾಮದುರ್ಗ, ಬೆಳವಡಿ, ಹೀಗೆ ಹೆಜ್ಜೆಗೊಂದು ಕೋಟೆಯೋ ಗಢಿಯೋ ಇರುವ ಈ ನೆಲದ ಹುಡುಗನಿಗೆ ಬುರುಜಿನಾಟ ಪರದೇಶದ್ದೆನಿಸದಿರುವುದರಲ್ಲಿ ಆಶ್ಚರ್ಯವೇನು?

ಇನ್ನು ಏಕಾಂತದ ಪ್ರಶ್ನೆ. ಜೊತೆಗಾರರಿಲ್ಲದ ಆಟ ಆಟವೇ ಅಲ್ಲವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಒಬ್ಬನೇ ಆಡುವ ಹುಡುಗನನ್ನು ಕಂಡರೆ ತಾಯಂದಿರಿಗೆ ಕಳವಳ. ಆದರೆ ನಮ್ಮ ನಾಡಿನ ಮಹಾಕ್ರೀಡಾಪ್ರಿಯರಲ್ಲಿ ಒಬ್ಬರಾದ ಮುಮ್ಮಡಿ ಕೃಷ್ಣರಾಜ ಒಡೆಯರು, ಆಸ್ಥಾನದ ತುಂಬ ಜನರಿದ್ದರೂ, ಚದುರಂಗದ ಕುದುರೆಯೊಂದನ್ನೇ ಅರುವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದು ಸಲ ಮಾತ್ರ ಕಾಲಿಡುವಂತೆ ನಡೆಯಿಸುವ ಒಂಟಿಯಾಟದಲ್ಲಿ ಅದೆಷ್ಟು ರಾತ್ರಿ ಕಳೆದರೋ! ಕುದುರೆಯ ನಡೆಯ ಅವರ ಪರಿಹಾರಗಳನ್ನು ಇಂದಿಗೂ ಗಣಿತಜ್ಞರು ಸ್ಮರಿಸುವರು. ಅಲ್ಲಿ ಎದುರಾಳಿಯಿಲ್ಲ, ಮುಖಸ್ತುತಿಗಾಗಿ ಸೋತುಕೊಡುವ ಆಸ್ಥಾನಿಕನೂ ಇಲ್ಲ. ರಾಜನಿಗೆ ಒಂಟಿಯಾಟ ಪ್ರಿಯವಾದುದಕ್ಕೆ ಈ ಎರಡನೆಯದೇ ಕಾರಣವಿದ್ದೀತೆಂದು ನನಗೆ ಒಮ್ಮೊಮ್ಮೆ ಅನಿಸುವುದುಂಟು. ಹುಲಿಮನೆಯಾಟವನ್ನು ಇಬ್ಬರು ಆಡುವಾಗ ಗೆಲುವಿನಲ್ಲಿ ಎದುರಾಳಿಯ ಅಜಾಗರೂಕತೆಗೂ ಒಂದು ಪಾಲುಂಟು, ಸೋಲಿನಲ್ಲಿ ನಾಚಿಕೆಗೂ ಒಂದು ಪಾಲುಂಟು. ಒಂಟಿಯಾಟದಲ್ಲಿ ಎರಡೂ ಇಲ್ಲ. ಏಳು ಸಲ ಸೋತ ಹುಡುಗನು ಎಂಟನೆಯ ಸಲ ಆಡುವಾಗ ಅವನ ಏಳು ಸೋಲುಗಳನ್ನು ಬಲ್ಲವನು ಅವನೊಬ್ಬನೇ. ತರಗತಿಯಲ್ಲಿ ಒಂದು ತಪ್ಪು ಉತ್ತರಕ್ಕೆ ನಲವತ್ತು ಜನ ನಗುವ ಪ್ರಾಯದಲ್ಲಿ, ಯಾರೂ ನೋಡದಂತೆ ತಪ್ಪು ಮಾಡುವ ಅವಕಾಶವು ಎಂಥ ಭಾಗ್ಯವೆಂಬುದನ್ನು ದೊಡ್ಡವರು ಮರೆತಿರುವರು.

ಮನಶ್ಶಾಸ್ತ್ರಜ್ಞರು ಈ ವಿಷಯವನ್ನು ತಮ್ಮದೇ ಪರಿಭಾಷೆಯಲ್ಲಿ ವಿವರಿಸುತ್ತಾರೆ. ಹಂಗೇರಿ ಮೂಲದ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಎಂಬ ಉಚ್ಚರಿಸಲು ದುಸ್ತರವಾದ ಹೆಸರಿನ ವಿದ್ವಾಂಸರು 1990ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ತನ್ಮಯತೆಯನ್ನು ಪರೀಕ್ಷಿಸಿ, ಎದುರಿಗಿರುವ ಕಷ್ಟವೂ ನಮ್ಮಲ್ಲಿರುವ ಸಾಮರ್ಥ್ಯವೂ ಸರಿದೂಗಿದಾಗ ಮನಸ್ಸು ತನ್ನನ್ನು ತಾನು ಮರೆಯುವುದೆಂದು ಪ್ರತಿಪಾದಿಸಿದರು. ಅಲೆಯಿಂದ ಅಲೆಗೆ ವೈರಿಯ ಬಲ ಏರುತ್ತ, ಅದರೊಡನೆ ಆಟಗಾರನ ಹೊನ್ನೂ ಏರುತ್ತ ಹೋಗುವ ಬುರುಜಿನಾಟವು ಈ ತಕ್ಕಡಿಯನ್ನು ಸಮತೂಕದಲ್ಲಿ ಹಿಡಿಯುವುದಕ್ಕೆ ಹೇಳಿ ಮಾಡಿಸಿದಂತಿದೆ. ಡೆಸಿ ಮತ್ತು ರಯನ್ ಎಂಬ ಅಮೆರಿಕದ ಇಬ್ಬರು, ಮನುಷ್ಯನನ್ನು ಒಳಗಿನಿಂದ ಪ್ರೇರಿಸುವವು ಸ್ವಾತಂತ್ರ್ಯ, ಸಾಮರ್ಥ್ಯದ ಅರಿವು, ಪರರೊಡನೆ ಸಂಬಂಧ ಎಂಬ ಮೂರೆಂದರು. ಇವುಗಳಲ್ಲಿ ಮೂರನೆಯದು ಒಂಟಿಯಾಟದಲ್ಲಿ ಇಲ್ಲವಾದರೂ ಮೊದಲೆರಡು ಹೇರಳವಾಗಿವೆ. ಇವೆಲ್ಲ ಸರಿಯೇ. ಆದರೆ ತಬಲಾ ಕಲಿಯುವವನಿಗೂ ಬಾವಿಯಲ್ಲಿ ಈಜುವವನಿಗೂ ಈ ಮಾತು ಒಪ್ಪುವುದರಿಂದ, ಬುರುಜಿನಾಟಕ್ಕೇ ವಿಶಿಷ್ಟವಾದುದು ಏನೆಂಬುದನ್ನು ಇವು ಹೇಳಲಾರವು. ಅದಕ್ಕಾಗಿ ನಾನು ಮತ್ತೆ ಕಿತ್ತೂರಿಗೇ ಬರಬೇಕಾಗಿದೆ.

1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ ಸೇಂಟ್ ಜಾನ್ ಥ್ಯಾಕರೆಯು ತೋಪುಗಳೊಡನೆ ಈ ಕೋಟೆಯ ಮುಂದೆ ನಿಂತನು. ದೇಸಾಯಿ ಶಿವಲಿಂಗರುದ್ರಸರ್ಜನು ತೀರಿಕೊಂಡು ಒಂದೂವರೆ ತಿಂಗಳಾಗುತ್ತ ಬಂದಿದ್ದಿತು. ದತ್ತಕವನ್ನು ಒಪ್ಪಲು ಕಂಪನಿ ಸಿದ್ಧವಿರಲಿಲ್ಲ. ಬಾಗಿಲುಗಳು ಮುಚ್ಚಿದ್ದವು. ಬುರುಜಿನಾಟದ ನಿಯಮದಂತಾದರೆ ಕಿತ್ತೂರಿನವರು ಒಳಗೇ ಉಳಿದು, ಗೋಡೆಯ ಮೇಲಿನಿಂದ ಗುಂಡು ಹಾರಿಸುತ್ತ, ವೈರಿಯ ಸಂಖ್ಯೆ ಕರಗುವುದನ್ನು ಎಣಿಸುತ್ತಿರಬೇಕಾಗಿದ್ದಿತು. ಅವರು ಮಾಡಿದುದು ತದ್ವಿರುದ್ಧ: ಹಠಾತ್ತನೆ ಬಾಗಿಲು ತೆರೆದು ಹೊರಗೆ ನುಗ್ಗಿದರು. ಥ್ಯಾಕರೆ ಅಲ್ಲಿಯೇ ಬಿದ್ದನು. ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಅಂದಿನ ಜಯ ಗೋಡೆಯದಲ್ಲ, ತೆರೆದ ಬಾಗಿಲಿನದು. ಡಿಸೆಂಬರಿನ ಮೊದಲ ವಾರದಲ್ಲಿ ಕಂಪನಿಯು ಬಹು ದೊಡ್ಡ ಸೈನ್ಯದೊಡನೆ ಮರಳಿ ಬಂದಾಗ ಇದೇ ಗೋಡೆ ಕೆಲವೇ ದಿನಗಳಲ್ಲಿ ಸೋತಿತು. ಏಕೆ ಸೋತಿತು? ದಂಡಿನ ಲೆಕ್ಕ ಬಲ್ಲವರು ತೋಪುಗಳ ಸಂಖ್ಯೆಯನ್ನು ಮುಂದಿಡುವರು. ಜನ ಮಾತ್ರ ಆ ಲೆಕ್ಕವನ್ನು ಒಪ್ಪಿದವರಲ್ಲ. ತೋಪಿನ ಮದ್ದಿನಲ್ಲಿ ಒಳಗಿನವರೇ ಸಗಣಿ ಬೆರೆಸಿದರೆಂದು, ಆದುದರಿಂದಲೇ ಕಿತ್ತೂರಿನ ತೋಪು ಹಾರಲಿಲ್ಲವೆಂದು, ಇನ್ನೂರು ವರ್ಷಗಳಿಂದ ಹಾಡಿನಲ್ಲಿಯೂ ನಾಟಕದಲ್ಲಿಯೂ ಕಟ್ಟೆಯ ಮೇಲಿನ ಮಾತಿನಲ್ಲಿಯೂ ಹೇಳುತ್ತ ಬಂದಿರುವರು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಅವಳ ಬಳಿಕವೂ ಹೋರಾಡಿದ ಸಂಗೊಳ್ಳಿಯ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ನೇಣಿಗೇರಿಸಿದರು; ಹಳ್ಳದಲ್ಲಿ ಸ್ನಾನಕ್ಕೆ ಇಳಿದಿದ್ದಾಗ ಅವನನ್ನು ಹಿಡಿದುಕೊಟ್ಟವರೂ ಜೊತೆಯವರೇ ಎಂದು ಜನರ ಹೇಳಿಕೆ. ಇದಕ್ಕೂ ಒಂದೂವರೆ ಶತಮಾನದ ಹಿಂದೆ ಬೆಳವಡಿಯ ಮಲ್ಲಮ್ಮ ಶಿವಾಜಿಯ ಸೈನ್ಯವನ್ನು ಹಲವು ದಿನ ತಡೆದು ನಿಲ್ಲಿಸಿದ್ದಳು. ಅವಳ ಗಢಿಯನ್ನು ಕೆಡವಿದ್ದು ಕತ್ತಿಗಿಂತ ಹೆಚ್ಚಾಗಿ ಕಾಳುಕಡಿಯ ಅಭಾವ.

ಈಗ ಹುಡುಗನ ಮೊಬೈಲಿನ ಕೋಟೆಯನ್ನು ನೋಡಿರಿ. ಅಲ್ಲಿಯ ಬುರುಜಿನ ಮದ್ದಿನಲ್ಲಿ ಯಾರೂ ಸಗಣಿ ಬೆರೆಸಲಾರರು. ಬಿಲ್ಲುಗಾರನು ಲಂಚ ತಿಂದು ಬಾಣವನ್ನು ಬೇರೆಡೆಗೆ ಬಿಡಲಾರನು. ಬಾಗಿಲ ಕಾವಲುಗಾರನು ನಡುರಾತ್ರಿ ಅಗುಳಿ ತೆಗೆಯಲಾರನು. ವೈರಿಯು ಎಷ್ಟೇ ಬಲಶಾಲಿಯಾಗಿರಲಿ, ಬರುವುದು ಕಂಡ ದಾರಿಯಲ್ಲೇ. ಮುಂದಿನ ಅಲೆಯಲ್ಲಿ ಬರುವವರು ಯಾರೆಂಬುದನ್ನು ಅನೇಕ ಆಟಗಳಲ್ಲಿ ಮೊದಲೇ ತಿಳಿಸಿರುತ್ತಾರೆ. ಆದುದರಿಂದ ಕೋಟೆ ಬಿದ್ದರೆ ಬಿದ್ದುದಕ್ಕೆ ಕಾರಣ ಆಡುವವನೊಬ್ಬನೇ, ಆ ಕಾರಣವು ಹುಡುಕಿದರೆ ಸಿಗುವಂಥದು, ಸಿಕ್ಕಿದರೆ ತಿದ್ದಬಹುದಾದುದು. ಜೀವನದಲ್ಲಿ ಈ ಮೂರೂ ಒಟ್ಟಿಗೆ ದೊರೆಯುವುದು ಎಷ್ಟು ಅಪರೂಪ! ಮಲಪ್ರಭೆಗೆ ನೆರೆ ಬಂದು ಹೊಲ ಕೊಚ್ಚಿಹೋದ ರಾಮದುರ್ಗದ ರೈತನು ತನ್ನ ತಪ್ಪನ್ನು ಎಲ್ಲಿ ಹುಡುಕಬೇಕು? ಸೋಯಾಬೀನ್ ಚೆನ್ನಾಗಿ ಬೆಳೆದ ವರ್ಷವೇ ಪೇಟೆಯ ಧಾರಣೆ ಬಿದ್ದರೆ ಅವನು ಯಾವ ಬುರುಜನ್ನು ಎಲ್ಲಿಗೆ ಸರಿಸಬೇಕಾಗಿದ್ದಿತು? ದುಡಿಮೆಗೂ ಫಲಕ್ಕೂ ನಡುವೆ ಕಾಣದ ಕೈಗಳು ಹತ್ತಾರು ಇರುವ ಲೋಕದಲ್ಲಿ ಬಾಳುವ ಮನುಷ್ಯನು, ಕಾರ್ಯಕಾರಣಗಳು ಕನ್ನಡಿಯಷ್ಟು ಸ್ವಚ್ಛವಾಗಿರುವ ಒಂದು ಪುಟ್ಟ ಲೋಕಕ್ಕಾಗಿ ಹಂಬಲಿಸುವುದು ಸ್ವಾಭಾವಿಕ. ಒಂಟಿ ಬುರುಜಿನಾಟವು ಅಂಥ ಲೋಕ, ದ್ರೋಹಿಯಿಲ್ಲದ ಕೋಟೆ. ಅದರ ಮೋಹಕ್ಕೆ ಎರಡನೆಯ ಸೆಲೆ ಇದೇ, ಮತ್ತು ಮೊದಲನೆಯದಕ್ಕಿಂತ ಆಳವಾದುದು.

ಇಲ್ಲಿ ಒಂದು ಆಕ್ಷೇಪ ಬರತಕ್ಕದ್ದು, ಬಂದೇ ಬರುವುದು: ಲೋಕ ಹಾಗಿಲ್ಲದಿರುವಾಗ ಹಾಗಿದೆಯೆಂದು ನಂಬಿಸುವ ಆಟವು ಹುಡುಗನನ್ನು ಲೋಕಕ್ಕೆ ಅಯೋಗ್ಯನನ್ನಾಗಿ ಮಾಡದೇ? ಆಕ್ಷೇಪದಲ್ಲಿ ಹುರುಳಿದೆ. ಬಾಗಿಲು ತೆರೆದು ನುಗ್ಗುವ ಅಕ್ಟೋಬರಿನ ಸಾಹಸವನ್ನು ಬುರುಜಿನಾಟ ಎಂದಿಗೂ ಕಲಿಸದು. ಜೊತೆಗಾರರನ್ನು ಪರೀಕ್ಷಿಸಿ ಆರಿಸಿಕೊಳ್ಳುವ ವಿವೇಕವನ್ನೂ ಕಲಿಸದು. ಆದರೆ ನಂಬಿಸುವುದೆಂಬ ಮಾತನ್ನು ನಾನು ಒಪ್ಪಲಾರೆ. 1978ರಲ್ಲಿ ಪ್ರಕಟವಾದ ಒಂದು ಸ್ವಾರಸ್ಯವಾದ ಪುಸ್ತಕದಲ್ಲಿ ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಶಾಸ್ತ್ರಜ್ಞನು, ಬೇಕಾಗಿಲ್ಲದ ಅಡ್ಡಿಗಳನ್ನು ಇಚ್ಛಾಪೂರ್ವಕವಾಗಿ ಮೇಲೆಳೆದುಕೊಂಡು ದಾಟುವುದೇ ಆಟದ ಲಕ್ಷಣವೆಂದು ಬಗೆದನು. ಇಚ್ಛಾಪೂರ್ವಕವಾಗಿ ಎಂಬಲ್ಲಿಯೇ ಅರಿವು ಅಡಗಿದೆ. ಕುಂಟಾಬಿಲ್ಲೆಯಾಡುವ ಹುಡುಗಿ ತಾನು ಕುಂಟಿಯೆಂದು ನಂಬಿರುವುದಿಲ್ಲ. ಮೊಬೈಲಿನ ಕೋಟೆಯನ್ನು ಕಾಯುವ ಹುಡುಗನಿಗೂ ಲೋಕ ಅಷ್ಟು ಪ್ರಾಮಾಣಿಕವಲ್ಲವೆಂಬುದು ಗೊತ್ತು. ಗೊತ್ತಿರುವುದರಿಂದಲೇ ಅಲ್ಲಿಗೆ ಹೋಗುವನು. ದಿನವೆಲ್ಲ ಬಿಸಿಲಿನಲ್ಲಿ ದುಡಿದವನು ನೆರಳಿಗೆ ಹೋದರೆ, ನೆರಳು ಅವನಿಗೆ ಸೂರ್ಯನಿಲ್ಲವೆಂದು ಸುಳ್ಳು ಹೇಳಿತೆಂದು ನಾವು ಆಡಿಕೊಳ್ಳುವುದಿಲ್ಲ.

ನನಗೆ ಭಯವಿರುವುದು ಬೇರೆ ಕಡೆ. ದೀಪಾವಳಿಯ ರಜೆಯಲ್ಲಿ ಹುಡುಗನು ಮತ್ತೊಂದು ಬುರುಜಿನಾಟವನ್ನು ತಂದು ತೋರಿಸಿದನು. ಹೆಸರು ಬೇಡ, ಅಂಥವು ಹತ್ತಾರು ಇವೆ. ಮೊದಲ ಕೆಲವು ಹಂತಗಳನ್ನು ಲೀಲಾಜಾಲವಾಗಿ ದಾಟಿದವನು ಒಂದು ಹಂತದಲ್ಲಿ ಸಿಕ್ಕಿಬಿದ್ದು, ಮೂರು ದಿನ ಎಡೆಬಿಡದೆ ಸೋತನು. ಬುರುಜುಗಳನ್ನು ಆಚೆ ಹಾಕಿದನು, ಈಚೆ ಹಾಕಿದನು, ಹೊನ್ನು ಕೂಡಿಟ್ಟು ನೋಡಿದನು. ಪ್ರತಿ ಸೋಲಿನ ಬಳಿಕ ಹೊಳೆಹೊಳೆಯುವ ಪೆಟ್ಟಿಗೆಯೊಂದು ತೆರೆದು, ಇಷ್ಟು ರೂಪಾಯಿ ಕೊಟ್ಟರೆ ಅಜೇಯವಾದ ಬುರುಜು ನಿನ್ನದೆಂದು ಆಸೆ ತೋರಿಸುತ್ತಿದ್ದಿತು. ಮೂರನೆಯ ದಿನ ರಾತ್ರಿ ಅವನು ನನ್ನ ಬಳಿ ಬಂದು, ಅಳುವೋ ಸಿಟ್ಟೋ ತಿಳಿಯದ ದನಿಯಲ್ಲಿ, “ಅಜ್ಜಾ, ಇದನ್ನ ಗೆಲ್ಲಾಕ ಆಗೂದಿಲ್ಲ. ರೊಕ್ಕಾ ಕೊಡಲಾರದಂಗ ಗೆಲ್ಲಬಾರದಂತನ ಹಿಂಗ ಮಾಡ್ಯಾರ” ಎಂದನು. ಕಿತ್ತೂರಿನ ಮಗುವಿಗೆ ಇದಕ್ಕಿಂತ ಹೆಚ್ಚಿಗೆ ಏನು ಹೇಳಬೇಕು! ಮದ್ದಿನಲ್ಲಿ ಸಗಣಿ ಬೆರೆತಿದ್ದಿತು. ಬೆರೆಸಿದವನು ಗೋಡೆಯ ಹೊರಗಿನ ವೈರಿಯಲ್ಲ, ಕೋಟೆಯನ್ನು ಕಟ್ಟಿದವನೇ. ಸೋಲಿನ ಕಾರಣವನ್ನು ಹುಡುಗನು ತನ್ನ ಬುದ್ಧಿಯಲ್ಲಿ ಹುಡುಕುತ್ತಿದ್ದಾಗ ಆ ಕಾರಣ ಇನ್ನೊಬ್ಬನ ಲೆಕ್ಕದ ಪುಸ್ತಕದಲ್ಲಿ ಕುಳಿತಿದ್ದಿತು. ಆಟಗಳನ್ನು ಒಟ್ಟಾಗಿ ಹಳಿಯುವ ನಮ್ಮ ಹಿರಿಯರು, ಬೆಲೆ ತೆತ್ತು ಕೊಂಡ ಪ್ರಾಮಾಣಿಕವಾದ ಆಟಕ್ಕೂ ಬಿಟ್ಟಿಯೆಂದು ಹೇಳಿ ಗೆಲುವನ್ನು ಮಾರುವ ಆಟಕ್ಕೂ ಇರುವ ಈ ಭೇದವನ್ನು ಕಾಣಲಾರದವರಾದುದರಿಂದ, ಅವರ ಬೈಗುಳ ಯಾರನ್ನು ತಟ್ಟಬೇಕೋ ಅವರನ್ನು ತಟ್ಟದೆ ಹುಡುಗರನ್ನು ಮಾತ್ರ ತಟ್ಟುವುದು.

ಅವನು ಅದನ್ನು ಅಂದೇ ಅಳಿಸಿಹಾಕಿದನು. ನಾನು ಹೇಳಿದ್ದರಿಂದಲ್ಲ.

ನನ್ನ ಆಟದ ವಿಷಯ ಹೇಳಿಕೊಳ್ಳುವಂಥದೇನೂ ಅಲ್ಲ. ಬುರುಜುಗಳನ್ನೆಲ್ಲ ಬಾಗಿಲ ಬಳಿಯೇ ದಟ್ಟವಾಗಿ ಕಟ್ಟುವುದು ನನ್ನ ದೋಷ. ಮುದುಕರು ಮಾಡುವುದೇ ಹಾಗೆ. ಒಮ್ಮೆ ನನ್ನ ಕೋಟೆ ಹನ್ನೊಂದನೆಯ ಅಲೆಗೆ ಬಿದ್ದುದನ್ನು ಹುಡುಗನು ಹಿಂದಿನಿಂದ ಬಂದು ನೋಡಿಬಿಟ್ಟನು. ನಗಲಿಲ್ಲ. ಪಕ್ಕದಲ್ಲಿ ಕುಳಿತು, ದಾರಿ ತಿರುಗುವ ಜಾಗಕ್ಕೆ ಬೆರಳಿಟ್ಟು, ಇಲ್ಲಿ ಒಂದು ಬುರುಜು ಹಾಕಿದರೆ ಹೋಗುವಾಗ ಒಮ್ಮೆ, ಹೊರಳಿ ಬರುವಾಗ ಇನ್ನೊಮ್ಮೆ, ಎರಡು ಸಲ ಹೊಡೆಯಬಹುದೆಂದು ತೋರಿಸಿಕೊಟ್ಟನು. ಜಾಲಿಯ ಗಿಡ ನೆನಪಾಯಿತು. ಡಬ್ಬಿ ಕಟ್ಟಿದ ಕಥೆಯನ್ನು ಅವನಿಗೆ ಹೇಳಿದೆ. ಹಗ್ಗ ಎಷ್ಟು ಉದ್ದವಿತ್ತು, ಒಂದೇ ಹಗ್ಗಕ್ಕೆ ಎರಡೂ ಡಬ್ಬಿ ಹೇಗೆ ಕಟ್ಟಿದೆ ಎಂದೆಲ್ಲ ಕೇಳಿ, ಕಾಕಾನ ಹೊಲಕ್ಕೂ ಒಂದು ಡಬ್ಬಿ ಕಟ್ಟಬೇಕಾಗಿತ್ತೆಂದು ತೀರ್ಪು ಕೊಟ್ಟನು.

ಈ ವರ್ಷ ಮತ್ತೆ ಅವನನ್ನು ಕಿತ್ತೂರಿಗೆ ಕರೆದುಕೊಂಡು ಹೋಗಿದ್ದೆ. ಮೊಬೈಲು ಕಿಸೆಯಲ್ಲಿಯೇ ಇದ್ದಿತು. ಕಂದಕದ ಅಂಚಿನಲ್ಲಿ ನಿಂತು ಗೋಡೆಯ ಸುತ್ತಳತೆಯನ್ನು ಕಣ್ಣಿನಲ್ಲೇ ಅಳೆಯುತ್ತ, ಬಾಗಿಲಿದ್ದ ಎಡೆಯನ್ನೂ ಅದರೆದುರಿನ ಬಯಲನ್ನೂ ಬಹಳ ಹೊತ್ತು ನೋಡಿದವನು ಕೊನೆಗೆ ಕೇಳಿದನು: “ಅಜ್ಜಾ, ಮದ್ದಿನ ಮನಿ ಎಲ್ಲಿತ್ತು? ಅದನ್ನ ಕಾಯಾಕ ಯಾರನ್ನ ಇಟ್ಟಿದ್ರು?”